ಮುಂದಿನ ಸಾಲಿನ ಸೀಟು

ವಿಮಾನ ನಿಲ್ದಾಣದ ಲೌಂಜಿನ ಬಾಗಿಲಲ್ಲಿ ಕೂತಿದ್ದ ಹುಡುಗಿ ಅವನ ಕಾರ್ಡನ್ನು ಎರಡನೇ ಸಲ ಯಂತ್ರದ ಮೇಲಿಟ್ಟಾಗಲೇ ಅವನಿಗೆ ಗೊತ್ತಾಗಿಹೋಯಿತು. ಗೊತ್ತಾದರೂ ಗೊತ್ತಾಗದವನ ಹಾಗೆ ನಿಂತಿದ್ದ. ಹಸಿರು ದೀಪ ಹೊತ್ತಿಸಬೇಕಾದ ಯಂತ್ರ ಸಣ್ಣಗೆ ಗೊಣಗಿ ಸುಮ್ಮನಾಯಿತು. ಹುಡುಗಿ ಕಾರ್ಡನ್ನು ಕೋಟಿನ ತೋಳಿಗೆ ಒರೆಸಿ, ತಪ್ಪೇನಿದ್ದರೂ ಕೊಳೆಯದು, ನಿಮ್ಮದಲ್ಲ ಎನ್ನುವಂಥ ಮುಖ ಮಾಡಿ ಮತ್ತೊಮ್ಮೆ ಇಟ್ಟಳು. ಇವಳು ಹೊಸಬಳು. ಹಳಬಳಾಗಿದ್ದರೆ, ಆ ಕನ್ನಡಕದ ಹೆಂಗಸಾಗಿದ್ದರೆ, ಕಾರ್ಡು ಕೇಳುತ್ತಲೇ ಇರಲಿಲ್ಲ. ‘ಬನ್ನಿ ಸರ್, ಮೊನ್ನೆ ತಾನೆ ಹೋದ್ರಲ್ಲ, ಆಗ್ಲೇ ವಾಪಸ್ಸಾ’ ಎಂದು ಒಳಗೆ ಬಿಡುತ್ತಿದ್ದಳು. ಆ ಮಾತನ್ನು ಹೆಂಡತಿ ತನ್ನ ಕಿವಿಯಾರೆ ಕೇಳಲಿ ಎಂಬ ಆಸೆಯಿಂದಲೇ ಅವನು ಇವತ್ತು ಅವಳನ್ನು ಇಷ್ಟು ಬೇಗ ಮನೆಯಿಂದ ಹೊರಡಿಸಿದ್ದ. ಬೆನ್ನ ಹಿಂದೆ ಯಾರದೋ ಪೆಟ್ಟಿಗೆಯ ಚಕ್ರ ಅವನ ಹಿಮ್ಮಡಿಗೆ ತಾಗಿತು.

“ಸರ್, ಇದು ಈಗ ಬ್ಲೂ ಆಗಿದೆ,” ಎಂದಳು ಹುಡುಗಿ.

“ಬಂಗಾರದ ಬಣ್ಣ ಕಾಣ್ತಾ ಇದೆಯಲ್ಲಮ್ಮ.”

“ಕಾರ್ಡಿನ ಬಣ್ಣ ಹಾಗೇ ಇರುತ್ತೆ ಸರ್. ಒಳಗಡೆ ದರ್ಜೆ ಬದಲಾಗಿರುತ್ತೆ. ಬ್ಲೂಗೆ ಲೌಂಜಿಲ್ಲ.”

ಅವನು ಇನ್ನೇನೋ ಹೇಳಲು ಬಾಯಿ ತೆಗೆಯುವಷ್ಟರಲ್ಲಿ ಹೆಂಡತಿ ಪಕ್ಕಕ್ಕೆ ಬಂದು, ಯಾವ ಗಡಿಬಿಡಿಯೂ ಇಲ್ಲದೆ ತನ್ನ ಮೊಬೈಲನ್ನು ಯಂತ್ರಕ್ಕೆ ಹಿಡಿದಳು. ದೀಪ ಹಸಿರಾಯಿತು. “ಇವ್ರು ನಿಮ್ಮ ಗೆಸ್ಟಾ ಮೇಡಂ?” ಎಂದು ಹುಡುಗಿ ಕೇಳಿದಳು. “ಹೂಂ, ನನ್ನ ಗೆಸ್ಟು,” ಎಂದು ಹೆಂಡತಿ ಅವನ ಕಡೆ ತಿರುಗಿ ನಕ್ಕಳು. ಆ ನಗುವಿನಲ್ಲಿ ಚುಚ್ಚುವಂಥದ್ದೇನೂ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು ಎನ್ನಿಸಿತು ಅವನಿಗೆ. ಚುಚ್ಚಿದ್ದರೆ ಸಿಡುಕಬಹುದಿತ್ತು. ಬರಿಯ ನಗುವಿಗೆ ಸಿಡುಕುವುದು ಹೇಗೆ? ಕಾರ್ಡನ್ನು ಪರ್ಸಿಗೆ ಸೇರಿಸಿಕೊಂಡು ಅವಳ ಹಿಂದೆ ಒಳಗೆ ಹೋದ.

ಕಂಬದ ಪಕ್ಕದ ಅವನ ಮಾಮೂಲಿ ಕುರ್ಚಿಯಲ್ಲಿ ಯಾರೋ ಕೂತು ಚಾರ್ಜರಿನ ವೈರು ಬಿಡಿಸುತ್ತಿದ್ದರು. ಅವನು ಕುರ್ಚಿಯ ಮೇಲೊಂದು ಕಣ್ಣಿಟ್ಟು ದೂರದ ಸೋಫಾದಲ್ಲಿ ಕೂತ. ಈ ಕೋಣೆಯನ್ನು ಅವನು ಮನೆಯಲ್ಲಿ ಎಷ್ಟು ಸಲ ವರ್ಣಿಸಿಲ್ಲ! ಕಾಫಿ ಯಂತ್ರದ ಯಾವ ಗುಂಡಿ ಒತ್ತಿದರೆ ನೊರೆ ಬರುತ್ತದೆ, ಯಾವ ಮೂಲೆಯಲ್ಲಿ ಮಕ್ಕಳ ಗಲಾಟೆ ಇರುವುದಿಲ್ಲ, ಸೂಪು ಬಿಸಿಯಾಗಿ ಸಿಗಬೇಕಾದರೆ ಎಷ್ಟು ಹೊತ್ತಿಗೆ ಏಳಬೇಕು. ಹೆಂಡತಿ ಕೈಗೆ ಮುಲಾಮು ಹಚ್ಚಿಕೊಳ್ಳುತ್ತಾ ಕೇಳುತ್ತಿದ್ದಳು. ಅವಳದು ಹಲ್ಲು ಮಾಡುವ ಲ್ಯಾಬಿನ ಕೆಲಸ. ಇಡೀ ದಿನ ಪಿಂಗಾಣಿಯ ಹಿಟ್ಟನ್ನು ನೀರಲ್ಲಿ ಕಲಸಿ, ಕೂದಲಿನಂಥ ಕುಂಚದಲ್ಲಿ ಪದರ ಪದರವಾಗಿ ಹಚ್ಚಿ, ಒಲೆಗಿಟ್ಟು, ಯಾರದೋ ಬಾಯಿಗೆ ಒಂದು ಹಲ್ಲು ತಯಾರು ಮಾಡಿ, ಸಂಜೆ ಬೆರಳು ಮಡಿಸಲಾರದೆ ಮನೆಗೆ ಬರುತ್ತಿದ್ದಳು. ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರ ರಿಪೇರಿ ಮಾಡುವ ಇವನು ಊರೂರು ಹಾರಿ, ಹಾರಿದ ಊರುಗಳನ್ನು ಅವಳಿಗೆ ಹೇಳುತ್ತಿದ್ದ. ಆಫೀಸಿನಲ್ಲಿ ಇವನಿಗೆ ಪೈಲಟ್ಟು ಎಂದೇ ಹೆಸರು. ಆ ಹೆಸರನ್ನು ಮನೆಯಲ್ಲಿ ಮೊದಲು ಹೇಳಿಕೊಂಡವನೂ ಇವನೇ. ಅವಳು ಎದ್ದು ಹೋಗಿ ಕಾಫಿ ಯಂತ್ರದ ಮುಂದೆ ನಿಂತಳು. ಈಗ ತಿರುಗಿ ನೋಡುತ್ತಾಳೆ, ಯಾವ ಗುಂಡಿ ಎಂದು ಕಣ್ಣಲ್ಲೇ ಕೇಳುತ್ತಾಳೆ ಎಂದು ಇವನು ಸೋಫಾದ ಅಂಚಿಗೆ ಸರಿದ. ಅವಳು ಎರಡು ಲೋಟ ತುಂಬಿಸಿಕೊಂಡು ಬಂದಳು. ಎರಡರಲ್ಲೂ ಚೆನ್ನಾಗಿ ನೊರೆ ಇತ್ತು.

ಅವಳ ಮೊದಲ ವಿಮಾನ ಹೋದ ವರ್ಷದ್ದು. ಹಲ್ಲಿನ ಲ್ಯಾಬನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡು, ಹೊಸಬರಿಗೆ ಬಣ್ಣ ಹೊಂದಿಸುವ ಕೆಲಸ ಕಲಿಸಿ ಬನ್ನಿ ಎಂದು ಅವಳನ್ನು ಬೇರೆ ಊರಿಗೆ ಕಳಿಸಿತ್ತು. ಹಿಂದಿನ ದಿನ ಇವನು ಅವಳನ್ನು ಕೂಡಿಸಿಕೊಂಡು ಪಾಠ ಹೇಳಿದ್ದ. ಬೆಲ್ಟಿನ ಬಕಲ್ಲು ಹೀಗೆ, ನೀರಿನ ಬಾಟಲಿ ಖಾಲಿ ಇರಬೇಕು, ಕಿವಿ ಕಟ್ಟಿದರೆ ಉಗುಳು ನುಂಗು, ಭಯವಾದರೆ ರೆಕ್ಕೆಯನ್ನು ನೋಡಬೇಡ. ಮರಳಿ ಬಂದವಳು, “ಚೆನ್ನಾಗಿತ್ತು ರೀ, ಮುಂದಿನ ಸೀಟಿಗೆ ಹಾಕಿದ್ರು, ಯಾಕೋ ಗೊತ್ತಿಲ್ಲ,” ಎಂದಿದ್ದಳು. ಮುಂದಿನ ಸೀಟು ಎಂದರೆ ಪರದೆಯ ಈಚೆಗಿನ ಮೊದಲ ಸಾಲೇನೋ ಎಂದುಕೊಂಡು ಇವನು ತಲೆದೂಗಿದ್ದ. ಅದು ಪರದೆಯ ಆಚೆಗಿನ ದುಬಾರಿ ಸೀಟು ಎಂದು ಗೊತ್ತಾಗಿದ್ದು, ಅವಳ ಚೀಲದಲ್ಲಿ ಆ ಸಾಲಿನವರಿಗೆ ಮಾತ್ರ ಕೊಡುವ ಸಣ್ಣ ಬಟ್ಟೆಯ ಪೌಚು, ಅದರೊಳಗಿನ ಕಾಲುಚೀಲ, ತುಟಿಯ ಮುಲಾಮು ಕಂಡಾಗ. ಅವಳು ಆ ಪೌಚಿಗೆ ಬಟ್ಟೆಪಿನ್ನು ತುಂಬಿಸಿ ಇಟ್ಟಿದ್ದಳು. ಇವನು ಇಷ್ಟು ವರ್ಷ ಹಾರಿದರೂ ಅಲ್ಲಿ ಕೂತವನಲ್ಲ. ಕೂರಬಹುದಿತ್ತು. ಹಾರಿದ ದೂರಕ್ಕೆ ವಿಮಾನ ಕಂಪನಿ ಕೊಟ್ಟ ಪಾಯಿಂಟುಗಳಿದ್ದವು. ಕೂರಲಿಲ್ಲ, ಸೇರಿಸುತ್ತಿದ್ದ.

“ಅಗೋ, ನಮ್ಮ ಡೈರೆಕ್ಟರು,” ಎಂದಳು ಹೆಂಡತಿ, ಲೋಟ ಕೆಳಗಿಟ್ಟು. ಬಂದವನು ದಂತವೈದ್ಯ, ಲ್ಯಾಬುಗಳನ್ನೆಲ್ಲ ನೋಡಿಕೊಳ್ಳುವವನು. ಇವನಿಗಿಂತ ಚಿಕ್ಕವನು, ತಲೆತುಂಬ ಕೂದಲು. ನಕ್ಕರೆ ಮುಂದಿನ ಒಂದು ಹಲ್ಲು ಇನ್ನೊಂದರ ಮೇಲೆ ಕಾಲು ಹಾಕಿ ಕೂತ ಹಾಗೆ ಕಾಣುತ್ತಿತ್ತು. ಹಲ್ಲಿನ ಕಂಪನಿಯವನಾಗಿ ಅದನ್ನು ಸರಿಮಾಡಿಸಿಕೊಳ್ಳದೆ ಬಿಟ್ಟಿರುವುದೇ ಒಂದು ಗತ್ತು ಎನ್ನಿಸಿ, ತನ್ನ ಕಟ್ಟಿಸಿದ ದವಡೆ ಹಲ್ಲಿನ ನೆನಪಾಗಿ ಇವನು ಬಾಯಿ ಮುಚ್ಚಿಕೊಂಡ. ಡೈರೆಕ್ಟರು ಕೈ ಕುಲುಕಿ, “ನಿಮ್ಮ ಬಗ್ಗೆ ತುಂಬಾ ಕೇಳಿದೀನಿ ಸರ್,” ಎಂದ. ಏನು ಕೇಳಿದ್ದಾನೆ? ಯಾವಾಗ, ಎಲ್ಲಿ ಕೂತು? ಡೈರೆಕ್ಟರು ಹೆಂಡತಿಯ ಕಡೆ ತಿರುಗಿ ಯಾವುದೋ ಒಲೆ ಕೆಟ್ಟಿದ್ದು, ಅದರಲ್ಲಿ ಬೆಂದ ಹಲ್ಲುಗಳೆಲ್ಲ ಹಸಿರು ತಿರುಗಿದ್ದು, ಒಬ್ಬ ಕಲಿಯುವವನು ಅದನ್ನೇ ಪಾರ್ಸೆಲ್ ಮಾಡಿ ಕಳಿಸಿದ್ದು ಹೇಳಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವನೂ ನಕ್ಕ, ಸ್ವಲ್ಪ ತಡವಾಗಿ. ಮನೆಯಲ್ಲಿ ಅವಳು ಹೀಗೆ ನಗುವುದನ್ನು ಕೊನೆಯ ಸಲ ಕಂಡಿದ್ದು ಯಾವಾಗ ಎಂದು ಹುಡುಕಿದ. ಮಗಳು ಸಣ್ಣವಳಿದ್ದಾಗ ಒಮ್ಮೆ, ಇವನು ಮಂಚದ ಕೆಳಗೆ ಸಿಕ್ಕಿಹಾಕಿಕೊಂಡಾಗ. ಆಗ ಅವಳು ನಕ್ಕಿದ್ದು ಇವನನ್ನು ನೋಡಿ.

ಪಾಯಿಂಟುಗಳ ಸುದ್ದಿ ಬಂದ ದಿನ ಅವನು ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ. ಅಲ್ಲಿನ ಸ್ಕ್ಯಾನಿಂಗ್ ಯಂತ್ರದ ಹತ್ತಿರ ಕಬ್ಬಿಣದ್ದೇನೂ ಒಯ್ಯುವಂತಿಲ್ಲವಾದ್ದರಿಂದ ಗಡಿಯಾರ, ಬೀಗದ ಕೈ, ಮೊಬೈಲು ಎಲ್ಲವನ್ನೂ ಹೊರಗಿನ ಟ್ರೇಯಲ್ಲಿಟ್ಟು ಕೆಲಸ ಮುಗಿಸಿ ಬಂದಾಗ ಮೊಬೈಲಿನ ಮೇಲೆ ಆ ಸಂದೇಶ ಕಾದಿತ್ತು. ‘ನಿಮ್ಮ ಪ್ರಯಾಣವನ್ನು ಇನ್ನಷ್ಟು ಸುಖಕರವಾಗಿಸಲು’ ಎಂದು ಶುರುವಾಗಿತ್ತು. ಇನ್ನುಮುಂದೆ ಹಾರಿದ ದೂರಕ್ಕೆ ಪಾಯಿಂಟಿಲ್ಲ, ಕೊಟ್ಟ ದುಡ್ಡಿಗೆ ಮಾತ್ರ. ಮುಂದಿನ ಸಾಲಿನ ಸೀಟಿಗೆ ಬೇಕಾಗುವ ಪಾಯಿಂಟು ಇಮ್ಮಡಿಗಿಂತ ಹೆಚ್ಚು. ಕಾರ್ಡಿನ ದರ್ಜೆಯೂ ಖರ್ಚಿನ ಮೇಲೆ. ಅವನ ಕಂಪನಿ ಯಾವತ್ತೂ ಅಗ್ಗದ ಟಿಕೆಟ್ಟೇ ತೆಗೆಯುತ್ತಿತ್ತು. ಅವನು ಅಲ್ಲೇ ಸ್ಟ್ರೆಚರುಗಳು ಓಡಾಡುವ ಓಣಿಯಲ್ಲಿ ಗೋಡೆಗೊರಗಿ ವಿಮಾನ ಕಂಪನಿಯ ನಂಬರಿಗೆ ಫೋನು ಮಾಡಿದ್ದ.

“ಸರ್, ನಿಮ್ಮ ಪಾಯಿಂಟ್ಸ್ ಎಲ್ಲೂ ಹೋಗಿಲ್ಲ. ಅಷ್ಟೂ ಇದೆ,” ಎಂದಿತ್ತು ಆ ಕಡೆಯ ಹೆಣ್ಣು ದನಿ, ಮಗುವಿಗೆ ಸಮಾಧಾನ ಹೇಳುವ ಹಾಗೆ.

“ಇದ್ದು ಏನು ಬಂತು? ಹೋದ ತಿಂಗಳು ಇಷ್ಟಕ್ಕೆ ಇಬ್ರು ಹೋಗಿಬರಬಹುದಿತ್ತು. ಈಗ ಒಬ್ಬ ಹೋದ್ರೆ ವಾಪಸ್ ಬರೋ ಹಾಗಿಲ್ಲ.”

“ಒಬ್ರೇ ಹೋಗೋದಾದ್ರೆ ಬುಕ್ ಮಾಡ್ಲಾ ಸರ್?”

ಅವನು ಫೋನು ಕತ್ತರಿಸಿ ತಲೆಯನ್ನು ಗೋಡೆಗೆ ಒತ್ತಿದ. ಗಾಲಿಕುರ್ಚಿಯ ಮೇಲೆ ಕೂತಿದ್ದ ರೋಗಿಯೊಬ್ಬ, ಇವನಿಗೆ ಒಳಗಿನಿಂದ ಕೆಟ್ಟ ರಿಪೋರ್ಟು ಬಂದಿದೆ ಎಂದುಕೊಂಡು ಕನಿಕರದಿಂದ ನೋಡುತ್ತಿದ್ದ. ಸಂಜೆ ಮನೆಗೆ ಬಂದು ಹೇಳಿದಾಗ ಹೆಂಡತಿ, “ಅಯ್ಯೋ, ಹೌದಾ? ಪಾಪ,” ಎಂದಳು. ಪಾಪ ಎಂದಿದ್ದು ಯಾರಿಗೆ? ಅವಳ ತಂಗಿಗೆ ಮಗುವಾದಾಗ ಹೋಗಿಬರೋಣ ಎಂದು ಕೇಳಿದವಳು ಅವಳು. ಕೈಬೆರಳುಗಳೆಲ್ಲ ಊದಿಕೊಂಡು ಡಾಕ್ಟರು ವಿಶ್ರಾಂತಿ ಹೇಳಿದ್ದಾಗ, ಎಲ್ಲಾದರೂ ಸಮುದ್ರ ಕಾಣುವ ಕಡೆ ಒಂದು ವಾರ ಇದ್ದು ಬರೋಣವಾ ಎಂದು, ಕೇಳಬಾರದ್ದನ್ನು ಕೇಳುವವಳ ಹಾಗೆ ಬಟ್ಟೆ ಮಡಿಸುತ್ತಾ ಕೇಳಿದವಳು ಅವಳು. ಇವನು ಪ್ರತಿ ಸಲವೂ, “ಈಗ ಬೇಡ ಕಣೇ. ಇನ್ನು ಸ್ವಲ್ಪ ಸೇರ್ಲಿ. ಹೋದ್ರೆ ಒಂದ್ಸಲ ಸರಿಯಾಗಿ ಹೋಗೋಣ, ಮುಂದೆ ಕೂತ್ಕೊಂಡು,” ಎಂದಿದ್ದ. ಸುಳ್ಳು ಹೇಳಿರಲಿಲ್ಲ. ಮುಂದಿನ ಸಾಲಿನಲ್ಲಿ, ಚಾಚಿಕೊಳ್ಳುವ ಆ ಸೀಟಿನಲ್ಲಿ, ಕಣ್ಣರಳಿಸಿ ಕೂತ ಹೆಂಡತಿಗೆ ಯಾವ ಗುಂಡಿ ಒತ್ತಿದರೆ ಕಾಲು ಮೇಲೇಳುತ್ತದೆ ಎಂದು ತೋರಿಸಿಕೊಡುವ ಚಿತ್ರ ಅವನ ಮನಸ್ಸಿನಲ್ಲಿ ಎಷ್ಟೋ ಹೋಟೆಲು ಕೋಣೆಗಳಲ್ಲಿ ಮೂಡಿ, ಅವನನ್ನು ಹಿತವಾಗಿ ಮಲಗಿಸಿತ್ತು. ತಂಗಿಯ ಮಗುವನ್ನು ನೋಡಲು ಅವಳು ಬಸ್ಸಿನಲ್ಲಿ ಹೋಗಿಬಂದಳು. ಸಮುದ್ರದ ಮಾತು ಮತ್ತೆ ಬರಲಿಲ್ಲ.

“ಹೊರಡೋಣ್ವಾ?” ಎಂದು ಹೆಂಡತಿ ಅವನ ಮೊಣಕೈ ಮುಟ್ಟಿದಳು. ಡೈರೆಕ್ಟರು ಆಗಲೇ ಎದ್ದು ಅವಳ ಪೆಟ್ಟಿಗೆಯ ಹಿಡಿಯ ಮೇಲೆ ಕೈಯಿಟ್ಟಿದ್ದ. ಇವನು ಧಾವಿಸಿ ಅದನ್ನು ತಾನು ಹಿಡಿದುಕೊಂಡ. ಈಗ ಇವನ ಎರಡೂ ಕೈಯಲ್ಲಿ ಪೆಟ್ಟಿಗೆಗಳು. ಅವರಿಬ್ಬರೂ ಕೈಬೀಸಿಕೊಂಡು ಮಾತಾಡುತ್ತಾ ಮುಂದೆ ಹೋದರು, ಇವನು ಕೂಲಿಯವನಂತೆ ಹಿಂದೆ.

ಗೇಟಿನಲ್ಲಿ ಮೊದಲು ಮುಂದಿನ ಸಾಲಿನವರನ್ನು ಕರೆದರು. ಈ ಊರಿಗೆ ಇವನು ಅವಳ ಜೊತೆ ಹೊರಟಿದ್ದೇ ಅವಳು ಹೇಳಿದ್ದರಿಂದ. ಅವಳಿಗೆ ಅಲ್ಲಿ ಎರಡು ದಿನ ತರಬೇತಿಯ ಕೆಲಸ, ಕಂಪನಿಯೇ ಟಿಕೆಟ್ಟು ತೆಗೆದಿತ್ತು. ಮಗಳು ಅದೇ ಊರಲ್ಲಿ ಕೆಲಸಕ್ಕಿದ್ದಳು, ಹೊಸ ಮನೆ ಮಾಡಿದ್ದಳು. “ನೀವೂ ಬನ್ನಿ, ಅವಳ ಮನೇಲಿ ಇದ್ದು ಬರೋಣ, ಕೂತು ಮಾತಾಡ್ಬಹುದು,” ಎಂದಿದ್ದಳು. ಇವನು ತನ್ನ ದುಡ್ಡಿನಲ್ಲಿ ಹಿಂದಿನ ಸಾಲಿನ ಸೀಟು ಕೊಂಡಿದ್ದ. ಪಾಯಿಂಟು ಮುಟ್ಟಿರಲಿಲ್ಲ. ಈಗಲೂ ಯಾಕೆ ಉಳಿಸಿಕೊಂಡೆ ಎಂದು ಅವನಿಗೇ ಗೊತ್ತಿಲ್ಲ. ಅವಳು ಸರದಿಯಲ್ಲಿ ನಿಂತು ಹಿಂತಿರುಗಿ, “ನೀವು ಹೋಗಿ ರೀ ನನ್ನ ಸೀಟಿಗೆ. ನಂಗೆ ಎಲ್ಲಾದ್ರೂ ಆಗುತ್ತೆ,” ಎಂದಳು. “ಬೇಡ ಬೇಡ, ನಂಗೆ ಹಿಂದೇನೇ ಅಭ್ಯಾಸ,” ಎಂದ. ಅವಳು ಹೋದಳು. ಡೈರೆಕ್ಟರು ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ದಾರಿ ಬಿಟ್ಟಿದ್ದನ್ನು ಇವನು ಕಂಡ.

ಕೊನೆಯ ಗುಂಪಿನಲ್ಲಿ ಇವನು ಒಳಗೆ ಹೋದಾಗ ಮುಂದಿನ ಸಾಲಿನವರೆಲ್ಲ ಕೂತು ಆಗಿತ್ತು. ಹಿಂದೆ ಹೋಗುವವರು ಅವರ ಮುಂದೆಯೇ ಹಾದುಹೋಗಬೇಕು. ಹಿಂದಿನಿಂದ ಹತ್ತಿಸುವ ದಾರಿ ಯಾಕಿಲ್ಲ ಎಂದು ಅವನು ಎಷ್ಟೋ ಸಲ ಯೋಚಿಸಿದ್ದ. ಬೇಕೆಂದೇ ಇಲ್ಲ. ಹಾದುಹೋಗುವವರು ಇಲ್ಲದಿದ್ದರೆ ಕೂತವರಿಗೆ ಸುಖವೆಲ್ಲಿ? ಹೆಂಡತಿಯ ಕೈಯಲ್ಲಿ ಹಣ್ಣಿನ ರಸದ ಲೋಟವಿತ್ತು. ಕಾಲು ಚಾಚಿದ್ದಳು, ಚಪ್ಪಲಿ ಬಿಟ್ಟಿದ್ದಳು, ಹೆಬ್ಬೆರಳಿನ ಹತ್ತಿರ ಕಾಲುಚೀಲಕ್ಕೆ ಹೊಲಿಗೆ ಹಾಕಿದ್ದು ಕಾಣುತ್ತಿತ್ತು. ಮನೆಯಲ್ಲಿ ಮಾತ್ರ ಕಾಣುವ ಆ ಹೊಲಿಗೆ ಪಕ್ಕದ ಸೀಟಿನ ಡೈರೆಕ್ಟರಿನ ಕಣ್ಣ ಮುಂದೆ ಇರುವುದನ್ನು ಕಂಡು ಇವನಿಗೆ ಹೇಗೆ ಹೇಗೋ ಆಯಿತು. ಕಂಡೂ ಕಾಣದ ಹಾಗೆ ದಾಟುತ್ತಿದ್ದ ಇವನನ್ನು ಅವಳೇ ತಡೆದಳು. ಗಗನಸಖಿಯನ್ನು ಕರೆದು, “ಇವ್ರು ನಮ್ಮ ಮನೆಯವರು. ಮೊಣಕಾಲು ನೋವು ಇವ್ರಿಗೆ. ನಾನು ಹಿಂದೆ ಕೂತ್ಕೊಂಡು ಇವ್ರನ್ನ ಇಲ್ಲಿ ಕೂರಿಸ್ಬಹುದಾ?” ಎಂದು ಕೇಳಿದಳು. ಇವನಿಗೆ ಮೊಣಕಾಲು ನೋವಿರಲಿಲ್ಲ. ಗಗನಸಖಿ ತನ್ನ ಮೇಲಿನವನನ್ನು ಕೇಳಿ ಬಂದು, ಇಬ್ಬರಿಗೂ ಒಪ್ಪಿಗೆಯಿದ್ದರೆ ಸರಿ ಎಂದಳು. ಹಿಂದೆ ನಿಂತವರು ಗೊಣಗತೊಡಗಿದ್ದರು. ಇವನ ಬಾಯಿ ಬೇಡ ಎನ್ನುತ್ತಿತ್ತು, ಕೈ ಆಗಲೇ ಪೆಟ್ಟಿಗೆಯನ್ನು ಮೇಲಿನ ಗೂಡಿಗೆ ತಳ್ಳುತ್ತಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು, ಪೆನ್ನು ಚುಚ್ಚಿದ ತನ್ನ ಸಣ್ಣ ಚೀಲ ತೆಗೆದುಕೊಂಡು ಪರದೆಯಾಚೆ ಹೊರಟುಹೋದಳು.

ಅಂತೂ ಕೂತ. ಸೀಟು ಅವಳ ಮೈಯ ಬಿಸಿಯಿಂದ ಇನ್ನೂ ಬೆಚ್ಚಗಿತ್ತು. ಪಕ್ಕದಲ್ಲಿ ಡೈರೆಕ್ಟರಿನ ಮುಖ ಇಳಿದಿದ್ದನ್ನು ಕಂಡು ಇವನಿಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಯಿತು, ಮರುಗಳಿಗೆಯಲ್ಲಿ ಎದೆಯಲ್ಲಿ ಮುಳ್ಳು ಮುರಿಯಿತು. ಇಳಿಯಿತೇಕೆ ಆ ಮುಖ? ಗಂಡ ಪಕ್ಕದಲ್ಲಿ ಕೂತರೆ ಇಳಿಯುವಂಥದ್ದು ಏನಿದೆ? ವಿಮಾನ ಏರುವವರೆಗೂ ಇಬ್ಬರೂ ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಕಾಲು ಎತ್ತುವ ಗುಂಡಿಗಾಗಿ ಇವನು ಸೀಟಿನ ತೋಳಿನ ಪಕ್ಕದಲ್ಲೆಲ್ಲ ಬೆರಳಾಡಿಸಿ, ತಪ್ಪು ಗುಂಡಿ ಒತ್ತಿ ಬೆನ್ನು ಹಿಂದಕ್ಕೆ ವಾಲಿ, ಸೂರು ನೋಡುತ್ತಾ ಮಲಗಿಬಿಟ್ಟ. ಡೈರೆಕ್ಟರು ಬಾಗಿ ಸರಿಯಾದ ಗುಂಡಿ ಒತ್ತಿಕೊಟ್ಟ.

“ನಿಮ್ಮ ಮೇಡಂ ಕೈಯಿ ಬೇರೆ ಯಾರಿಗೂ ಬರಲ್ಲ ಸರ್,” ಎಂದ ಡೈರೆಕ್ಟರು ಊಟದ ತಟ್ಟೆ ಬಂದ ಮೇಲೆ. “ಮಷೀನು ಬಣ್ಣ ಅಳೆದು ಹೇಳುತ್ತೆ, ಇಂಥ ನಂಬರು ಅಂತ. ಇವ್ರು ನೋಡಿ, ಇಲ್ಲ, ಇವ್ರು ತುಂಬಾ ಟೀ ಕುಡೀತಾರೆ, ಬುಡದಲ್ಲಿ ಚೂರು ಕಂದು ಬೇಕು ಅಂತಾರೆ. ಹಾಕಿದ್ರೆ ಅದೇ ಸರಿ ಇರುತ್ತೆ. ಒಬ್ರು ಅಜ್ಜಿಗೆ ಹಳೇ ಫೋಟೋ ನೋಡಿ ಹಲ್ಲು ಸಂದು ಬಿಟ್ಟು ಮಾಡಿಕೊಟ್ರು. ಆ ಅಜ್ಜಿ ಕನ್ನಡಿ ನೋಡ್ಕೊಂಡು ಅತ್ತೇಬಿಟ್ರು.”

“ಹೌದು, ಹೇಳಿದ್ಲು,” ಎಂದ ಇವನು. ಹೇಳಿರಲಿಲ್ಲ. ಅಥವಾ ಹೇಳಿದ್ದಳೇನೋ, ತಾನು ಪೆಟ್ಟಿಗೆ ಜೋಡಿಸುತ್ತಾ ಹೂಂಗುಟ್ಟಿದ್ದೆನೇನೋ. ತನ್ನ ಮನೆಯ ಹೆಂಗಸಿನ ವಿಷಯ ಹೊರಗಿನವನ ಬಾಯಿಂದ ಕೇಳಿ ತಲೆದೂಗುತ್ತಾ ಕೂತಿದ್ದೇನೆ. ಆ ಅಜ್ಜಿಯ ಮೇಲೆ, ಆ ಟೀ ಕುಡಿಯುವವನ ಮೇಲೆ, ಹೆಂಡತಿ ಅಷ್ಟು ಹತ್ತಿರದಿಂದ ಕಣ್ಣಿಟ್ಟು ನೋಡಿದ ಎಲ್ಲ ಬಾಯಿಗಳ ಮೇಲೆ ಅವನಿಗೆ ಹೊಟ್ಟೆ ಉರಿಯಿತು.

“ಅದಕ್ಕೇ ಅಲ್ಲಿನ ಹೊಸ ಲ್ಯಾಬಿಗೆ ಇವ್ರೇ ಹೆಡ್ಡು ಅಂತ ನಾನು ಹಟ ಹಿಡಿದಿದ್ದು. ಎರಡು ವರ್ಷ ಇದ್ದು ಕಟ್ಟಿಕೊಟ್ರೆ ಸಾಕು. ನಿಮಗೆ ತೊಂದ್ರೆ ಆಗುತ್ತೆ, ಗೊತ್ತು. ನಿಮ್ಮದೂ ಓಡಾಟದ ಕೆಲಸ. ಆದ್ರೂ ಒಪ್ಪಿದ್ರಲ್ಲ, ದೊಡ್ಡ ಮನಸ್ಸು ನಿಮ್ಮದು. ಮಗಳ ಮನೇಲಿ ರೂಮು ಕೂಡ ರೆಡಿ ಆಗಿದೆಯಂತೆ, ಅದೊಂದು ಅನುಕೂಲ.”

ಇವನು ಕೈಯಲ್ಲಿದ್ದ ಚಾಕುವಿನಲ್ಲಿ ಬೆಣ್ಣೆಯನ್ನು ರೊಟ್ಟಿಯ ಮೂಲೆಮೂಲೆಗೂ ಸವರಿದ. ಎಷ್ಟು ಸಮವಾಗಿ ಸವರಿದನೆಂದರೆ ಮುಂದೆ ಸವರಲು ಜಾಗವೇ ಉಳಿಯಲಿಲ್ಲ. “ಹೂಂ. ಅದೊಂದು ಅನುಕೂಲ,” ಎಂದ. ದನಿ ಸರಿಯಾಗಿಯೇ ಬಂತು. ಮಗಳು ಹೋದ ವಾರ ಫೋನಿನಲ್ಲಿ ಕೋಣೆಗೆ ಯಾವ ಬಣ್ಣ ಬಳಿಸಲಿ ಎಂದು ಕೇಳಿದ್ದಳು, “ಅಮ್ಮನ್ನೇ ಕೇಳು” ಎಂದಿದ್ದ, ಮಗಳು ಒಂದು ಗಳಿಗೆ ಸುಮ್ಮನಿದ್ದು “ಸರಿ ಅಪ್ಪ” ಎಂದಿದ್ದಳು. ಆ ಸುಮ್ಮನಿದ್ದುದರ ಒಳಗೆ ಇದೆಲ್ಲ ಇತ್ತು. ಕೂತು ಮಾತಾಡಬಹುದು ಎಂದಿದ್ದಳಲ್ಲ ಹೆಂಡತಿ, ಅದರೊಳಗೂ ಇತ್ತು. ಡೈರೆಕ್ಟರಿಗೆ ಗೊತ್ತು, ಮಗಳಿಗೆ ಗೊತ್ತು, ಬಣ್ಣ ಬಳಿಯುವವನಿಗೂ ಗೊತ್ತಿರಬಹುದು. ಇವನು ಬಾಯಿ ಒರೆಸಿಕೊಂಡು ಎದ್ದ. ಟಾಯ್ಲೆಟ್ಟು ಮುಂದೆಯೇ ಇದೆ ಎಂದು ಗಗನಸಖಿ ಕೈ ತೋರಿಸುತ್ತಿದ್ದರೂ ಪರದೆ ಸರಿಸಿ ಹಿಂದಕ್ಕೆ ನಡೆದ.

ಉದ್ದಕ್ಕೂ ತಲೆಗಳು. ಏನೇನು ಕಂಡೇನೋ ಎಂದು ಅವನ ಮನಸ್ಸು ಮೊದಲೇ ಚಿತ್ರ ಬರೆದುಕೊಳ್ಳುತ್ತಿತ್ತು. ಅವಳು ಅಳುತ್ತಿರಬಹುದು. ಇಕ್ಕಟ್ಟಿನಲ್ಲಿ ಮುದುಡಿ ನಿದ್ದೆ ಹೋಗಿರಬಹುದು. ಹಾಗಿದ್ದರೆ ಎಷ್ಟು ಸುಲಭ, ಭುಜ ತಟ್ಟಿ ಎಬ್ಬಿಸಿ, ಹೋಗು ಮುಂದೆ ಎಂದು ದೊಡ್ಡತನ ತೋರಿಸಬಹುದು. ಕೊನೆಯಿಂದ ಎರಡನೆಯ ಸಾಲಿನ ನಡುವಿನ ಸೀಟಿನಲ್ಲಿ ಅವಳು ಕೂತಿದ್ದಳು. ಕಿಟಕಿಯ ಪಕ್ಕದ ಮುದುಕಿ ತನ್ನ ಕೆಳಗಿನ ಹಲ್ಲಿನ ಸೆಟ್ಟನ್ನು ತೆಗೆದು ಅವಳ ಕೈಗೆ ಕೊಟ್ಟಿದ್ದಳು. ಅವಳು ಅದನ್ನು ಓದುವ ದೀಪದ ಕೆಳಗೆ ಹಿಡಿದು, ಉಗುರು ಉಜ್ಜುವ ಕಾಗದದಿಂದ ಒಂದು ಮೂಲೆಯನ್ನು ಮೆಲ್ಲಗೆ ಉಜ್ಜುತ್ತಾ, ಉಜ್ಜಿದ್ದನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಾ, “ಇಲ್ಲೇ ಅಲ್ವಾ ಚುಚ್ಚೋದು?” ಎಂದು ಕೇಳುತ್ತಿದ್ದಳು. ಮುದುಕಿ ಬೋಳು ಬಾಯಿಯಲ್ಲಿ ಹೂಂ ಎನ್ನುತ್ತಿದ್ದಳು. ಹೆಂಡತಿಯ ತುಟಿಯ ಕೊನೆಯಲ್ಲಿ ನಾಲಿಗೆಯ ತುದಿ ಸ್ವಲ್ಪ ಹೊರಗೆ ಬಂದಿತ್ತು. ಇವನು ಬಂದು ನಿಂತಿದ್ದು ಅವಳಿಗೆ ತಿಳಿಯಲೇ ಇಲ್ಲ.

ಈಚೆ ಬದಿಯ ಸೀಟಿನಲ್ಲಿ ಮೊಣಕಾಲಿಗೆ ದಪ್ಪ ಪಟ್ಟಿ ಬಿಗಿದ ಎತ್ತರದ ಗಂಡಸೊಬ್ಬ ಕಾಲನ್ನು ಓಣಿಗೆ ಚಾಚಿ ನರಳುತ್ತಾ ಕೂತಿದ್ದ. ಎಲ್ಲೋ ಆಟ ಕಲಿಸುವವನಿರಬೇಕು, ಕೊರಳಲ್ಲಿ ಊದುವ ಸೀಟಿ ನೇತಾಡುತ್ತಿತ್ತು. ಏನು ಮಾಡುತ್ತಿದ್ದೇನೆ ಎಂದು ಇವನಿಗೆ ಹೊಳೆಯುವ ಮುಂಚೆಯೇ ಮಾತು ಹೊರಬಿದ್ದಿತ್ತು. “ನೀವು ಮುಂದೆ ಹೋಗಿ ಕೂತ್ಕೊಳ್ಳಿ. ಮೊದಲ್ನೇ ಸಾಲು, ಬಲಗಡೆ. ಕಾಲು ಚಾಚ್ಕೊಳ್ಳೋಕೆ ಜಾಗ ಇದೆ. ನಾನಿಲ್ಲಿ ಕೂರ್ತೀನಿ.” ಆ ಮನುಷ್ಯ ನಂಬಲಿಲ್ಲ. ಹಿಂದೆ ಬಂದಿದ್ದ ಗಗನಸಖಿ, ಇದೇನು ಬಸ್ಸಾ ಎನ್ನುವ ಮುಖ ಮಾಡಿ, ಅವನ ಕಾಲಿನ ಪಟ್ಟಿ ನೋಡಿ, ಕೊನೆಗೆ ಕಣ್ಣು ಮುಚ್ಚಿ ತಲೆಯಾಡಿಸಿದಳು. ಅವನು ಕೈಮುಗಿದು, ಕುಂಟುತ್ತಾ ಹೋಗಿ ಪರದೆಯಾಚೆ ಮರೆಯಾದ. ಇವನು ಕೂತ. ಬೆನ್ನು ತಂತಾನೇ ಪರಿಚಯದ ಆಕಾರಕ್ಕೆ ಬಾಗಿತು. ಒಂದು ಒಳ್ಳೆಯ ಕೆಲಸ ಮಾಡಿದವನ ನೆಮ್ಮದಿ ಮೈಯೆಲ್ಲ ಹರಡಿಕೊಳ್ಳುತ್ತಿತ್ತು.

ಹೆಂಡತಿ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಒರೆಸಿ ಮುದುಕಿಗೆ ಕೊಟ್ಟು ಇವನ ಕಡೆ ತಿರುಗಿದಳು. “ಯಾರಿಗೆ ಕೊಟ್ರಿ ಸೀಟು?”

“ಪಾಪ, ಕಾಲು ನೋವಂತೆ ಅವ್ನಿಗೆ. ನಿಜವಾದ ನೋವು.”

“ಅದು ನನ್ನ ಸೀಟಲ್ವಾ?”

ಅವಳು ಸಿಟ್ಟಿನಿಂದ ಕೇಳಿರಲಿಲ್ಲ. ಅಂಗಡಿಯವನಿಗೆ ಚಿಲ್ಲರೆ ಕಡಿಮೆ ಬಂದಿದೆ ಎಂದು ತೋರಿಸುವಾಗಿನ ದನಿ ಅದು. “ನಿಮಗೆ ಬೇಡ ಅಂದ್ರೆ ನಾನೇ ಹೋಗಿ ಕೂತ್ಕೋತಿದ್ದೆ. ಊಟಾನೂ ಆಗಿಲ್ಲ ನಂಗೆ.” ಅವನಿಗೆ ತನ್ನ ಮುಂದಿಟ್ಟಿದ್ದ ತಟ್ಟೆ, ಬೆಣ್ಣೆ ಸವರಿ ಬಿಟ್ಟುಬಂದ ರೊಟ್ಟಿ ಕಣ್ಣಿಗೆ ಕಟ್ಟಿತು. ಕೊಡುವುದಕ್ಕೆ ತನ್ನದೆಂಬುದು ಏನೂ ಇಲ್ಲದವನು ಅವಳದ್ದನ್ನು ಅವಳ ಎದುರೇ ಯಾರಿಗೋ ಕೊಟ್ಟು ಬೀಗುತ್ತಿದ್ದೇನೆ ಎಂದು ಕಿವಿ ಬಿಸಿಯಾಯಿತು. ಆ ಬಿಸಿಯಲ್ಲೇ ಕೇಳಿಬಿಟ್ಟ.

“ಎರಡು ವರ್ಷ ಅಂತೆ?”

ಅವಳು ಉಗುರು ಉಜ್ಜುವ ಕಾಗದವನ್ನು ಚೀಲದೊಳಗಿಟ್ಟು ಜಿಪ್ಪು ಎಳೆದಳು. “ಹೇಳಿಬಿಟ್ರಾ? ನೀವು ಒಪ್ಪಿದೀರಿ ಅಂದಿದ್ದೆ ಅವ್ರಿಗೆ.”

“ನಾನೆಲ್ಲಿ ಒಪ್ಪಿದೆ? ನನ್ನನ್ನ ಕೇಳಿದ್ಯಾ? ಊರಿಗೆಲ್ಲ ಗೊತ್ತಾಗಿ, ಮಗಳಿಗೆ ಗೊತ್ತಾಗಿ, ಕೊನೆಗೆ ಆ ಮನುಷ್ಯನ ಬಾಯಲ್ಲಿ ಕೇಳಬೇಕಾ ನಾನು?”

“ಮೆತ್ತಗೆ ಮಾತಾಡಿ. ಅಜ್ಜಿ ಕೇಳಿಸ್ಕೋತಾರೆ.”

“ಅವ್ನೇ ಹಟ ಹಿಡಿದನಂತೆ, ನೀನೇ ಬೇಕು ಅಂತ.”

ಹೆಂಡತಿ ಅವನ ಮುಖವನ್ನು, ಬಣ್ಣ ಹೊಂದಿಸಬೇಕಾದ ಒಂದು ಹಲ್ಲನ್ನು ನೋಡುವ ಹಾಗೆ ಹತ್ತಿರದಿಂದ ನೋಡಿದಳು. ಇವನು ಬಚ್ಚಿಟ್ಟಿದ್ದೆಲ್ಲ ಅವಳಿಗೆ ಬುಡದಿಂದ ತುದಿಯವರೆಗೆ ಕಂಡಿರಬೇಕು. “ಓ, ಅದಾ,” ಎಂದಳು. “ಅವ್ರು ಹಟ ಹಿಡಿದಿದ್ದು ಹಲ್ಲಿಗೆ, ರೀ. ನನಗೆ ಅಷ್ಟೇ ಸಾಕಾಗಿತ್ತು. ಯಾರಾದ್ರೂ ಯಾವುದಕ್ಕಾದ್ರೂ ನನ್ನ ಹೆಸರು ಹಿಡಿದು ಹಟ ಮಾಡಿ ಎಷ್ಟು ವರ್ಷ ಆಗಿತ್ತು.”

“ಬೇಡ ಅಂತಿದ್ನಾ ನಾನು?”

“ಬೇಡ ಅನ್ನಲ್ಲ ನೀವು. ಯಾವತ್ತೂ ಅಂದಿಲ್ಲ. ಈಗ ಬೇಡ ಅಂತೀರಿ.” ಅವಳು ಚೀಲವನ್ನು ಎದುರಿನ ಸೀಟಿನ ಕೆಳಗೆ ತಳ್ಳಿದಳು. “ಅದು ಕೇಳಿ ಕೇಳಿ ನಂಗೆ ಕೇಳೋದೇ ಬಿಟ್ಟುಹೋಯ್ತು.”

ದೀಪ ಹೊತ್ತಿತು, ಬೆಲ್ಟು ಕಟ್ಟಿಕೊಳ್ಳಿ ಎಂದರು. ಅವಳು ತನ್ನದನ್ನು ಕಟ್ಟಿಕೊಂಡು, ಮುದುಕಿಯದ್ದು ಸಿಕ್ಕದಿರಲು ತಾನೇ ಹುಡುಕಿ ಕಟ್ಟಿದಳು. ಇವನಿಗೆ ಏನಾದರೂ ಹೇಳಬೇಕಿತ್ತು. ಸಮುದ್ರದ ಮಾತು ಎತ್ತಬೇಕೆನ್ನಿಸಿತು, ನಾಚಿಕೆಯಾಯಿತು. ಉಳಿದ ಪಾಯಿಂಟುಗಳಲ್ಲಿ ತಿಂಗಳಿಗೊಮ್ಮೆ ನಿನ್ನನ್ನು ನೋಡಲು ಬರುತ್ತೇನೆ ಎನ್ನಲು ಹೊರಟು, ಅದು ಎಷ್ಟು ತಿಂಗಳಿಗೆ ಸಾಲುತ್ತದೆ ಎಂದು ಮನಸ್ಸು ಆಗಲೇ ಎಣಿಸತೊಡಗಿದ್ದನ್ನು ಕಂಡು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕೊನೆಗೆ, ಎದುರಿನ ಸೀಟಿನ ಬೆನ್ನು ನೋಡುತ್ತಾ, ದೊಡ್ಡದೊಂದನ್ನು ಬಿಟ್ಟುಕೊಡುವವನಂತೆ, “ಸರಿ. ಹೋಗು. ನಂದೇನೂ ಅಭ್ಯಂತರ ಇಲ್ಲ,” ಎಂದ.

“ನಾನು ಕೇಳ್ತಾ ಇಲ್ಲ,” ಎಂದಳು ಹೆಂಡತಿ. “ಹೇಳ್ತಾ ಇದೀನಿ.”

ಇಳಿಯುವ ಹೊತ್ತಾದ್ದರಿಂದ ಗಗನಸಖಿ ಬಂದು ಪರದೆಯನ್ನು ಸರಿಸಿ ಕಟ್ಟಿದಳು. ಉದ್ದನೆಯ ಓಣಿಯ ಆ ತುದಿಯಲ್ಲಿ ಸೀಟಿಯವನ ಚಾಚಿದ ಕಾಲು, ಡೈರೆಕ್ಟರಿನ ಕೂದಲು ಕಂಡವು. ಡೈರೆಕ್ಟರು ಏನೋ ಹೇಳುತ್ತಿದ್ದ, ಸೀಟಿಯವನು ತಲೆ ಹಿಂದಕ್ಕೆ ಎಸೆದು ನಗುತ್ತಿದ್ದ. ಹಸಿರು ಹಲ್ಲಿನ ಕತೆಯೇ ಇರಬೇಕು. ತನ್ನ ಪಕ್ಕ ಕೂತಿದ್ದಾಗ ಅಂಥ ಕತೆಯೊಂದೂ ಬರಲಿಲ್ಲವಲ್ಲ ಎಂದು ಇವನಿಗೆ ಸಂಕಟವಾಯಿತು, ಸಂಕಟವಾದದ್ದಕ್ಕೆ ಬೇಸರವಾಯಿತು. ವಿಮಾನ ಒಮ್ಮೆಲೇ ತಗ್ಗಿತು. ಕಿವಿ ಎರಡೂ ಕಟ್ಟಿಕೊಂಡವು. ಇಷ್ಟು ವರ್ಷಗಳಲ್ಲಿ ಅವನಿಗೆ ಹೀಗೆ ಆಗಿದ್ದು ಅಪರೂಪ. ಉಗುಳು ನುಂಗಿದ, ಬಿಡಲಿಲ್ಲ. ಇಂಜಿನ್ನಿನ ಸದ್ದು ಹತ್ತಿಯೊಳಗೆ ಅಡಗಿಹೋಯಿತು. ಹೆಂಡತಿ ಅವನ ಕಡೆ ಬಾಗಿ ಏನೋ ಹೇಳುತ್ತಿದ್ದಳು. ತುಟಿಗಳು ಆಡುತ್ತಿದ್ದವು, ನಡುವೆ ಒಂದು ಕಡೆ ಅವಳು ಬೆರಳು ಮಡಿಸಲಾರದೆ ಮಡಿಸಿ ಯಾವುದನ್ನೋ ವಿವರಿಸಿದಳು, ಕಿಟಕಿಯ ಕಡೆ, ಕೆಳಗೆ ಹರಡಿಕೊಳ್ಳುತ್ತಿದ್ದ ಊರಿನ ಕಡೆ ತೋರಿಸಿದಳು, ಇವನನ್ನು ಏನೋ ಕೇಳಿ ಉತ್ತರಕ್ಕೆ ಕಾದಳು. ಒಂದು ಮಾತೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳು ಎನ್ನಬಹುದಿತ್ತು. ಅವಳ ಹಲ್ಲುಗಳನ್ನು, ಇಷ್ಟು ಹತ್ತಿರದಿಂದ ಎಂದೂ ನೋಡಿರದ ಆ ಸಣ್ಣ ಒರಟು ಹಲ್ಲುಗಳನ್ನು ನೋಡುತ್ತಾ ಅವನು ಹೂಂ ಎಂದ. ತನ್ನ ದನಿಯೂ ಅವನಿಗೆ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ, ಜೋರಾಗಿ, ಹೂಂ ಎಂದ. ಮುದುಕಿ ತಿರುಗಿ ನೋಡಿದಳು.